ಕೂಸು ಬೆಂಗಳೂರಿಗೆ ಹೊರಟಾಗ

ಒಂದರಿಂದ ಮೂರು ವರ್ಷದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಎರಡು ಮೂರು ದಿನದ ಮಟ್ಟಿಗೆ ಬೆಂಗಳೂರಿಗೆ ಹೋಗಿಬರುವುದು ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ನಡೆಯುವ ಸಂಗತಿ. ಕಾರಣ ಅಣ್ಣನ ಮಗಳ ಮದುವೆ ಇರಬಹುದು, ನಾದಿನಿಯ ಗೃಹಪ್ರವೇಶ ಇರಬಹುದು, ಇಲ್ಲವೇ ‘ಒಮ್ಮೆ ಲಾಲ್‌ಬಾಗ್ ತೋರಿಸಿಕೊಂಡು ಬರೋಣ’ ಎಂಬ ಆಸೆಯೂ ಇರಬಹುದು. ದೊಡ್ಡವರಷ್ಟೇ ಹೋದರೆ ಮೂರು ದಿನದಲ್ಲಿ ಹತ್ತು ಕೆಲಸ ಮುಗಿಯುತ್ತವೆ. ಮಗು ಜೊತೆಗಿದ್ದರೆ ಮೂರೋ ನಾಲ್ಕೋ ಮುಗಿದರೆ ಹೆಚ್ಚು. ಈ ಲೆಕ್ಕವನ್ನು ಹೊರಡುವ ಮೊದಲೇ ಒಪ್ಪಿಕೊಂಡವರ ಪ್ರವಾಸ ಸುಸೂತ್ರವಾಗಿ ಸಾಗುತ್ತದೆ. ಒಪ್ಪದವರು ಎರಡನೆಯ ದಿನ ಮಧ್ಯಾಹ್ನ ಯಾವುದಾದರೂ ಫುಟ್‌ಪಾತಿನಲ್ಲಿ ರಚ್ಚೆ ಹಿಡಿದ ಕೂಸಿನೊಂದಿಗೆ ನಿಂತು ಒಪ್ಪಿಕೊಳ್ಳುತ್ತಾರೆ.

ಈ ವಯಸ್ಸಿಗೇ ಅಂಟಿಕೊಂಡ ಕಷ್ಟವೊಂದಿದೆ. ಆರು ತಿಂಗಳ ಮಗು ಎದ್ದು ಓಡುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ‘ಇನ್ನೆರಡು ಸ್ಟಾಪ್ ಅಷ್ಟೇ, ಇಳಿದ ಮೇಲೆ ಕೊಡಿಸ್ತೀನಿ’ ಎಂದರೆ ಅರ್ಥವಾಗುತ್ತದೆ. ಇವೆರಡರ ನಡುವಿನ ಮಗುವಿಗೆ ಓಡುವ ಕಾಲು ಬಂದಿರುತ್ತದೆ, ಕಾಯುವ ತಾಳ್ಮೆ ಬಂದಿರುವುದಿಲ್ಲ. ಬೇಕು ಎನ್ನಲು ಗೊತ್ತು, ಯಾಕೆ ಬೇಕು ಎಂದು ಹೇಳಲು ಮಾತು ಸಾಲದು. ಅಪರಿಚಿತರನ್ನು ಕಂಡರೆ ಹೆದರುವುದು, ತಾಯಿ ಕಣ್ಮರೆಯಾದರೆ ಅಳುವುದು ಜೋರಾಗಿರುವುದೂ ಈ ಹೊತ್ತಿನಲ್ಲೇ.

ಎಲ್ಲಕ್ಕಿಂತ ಮುಖ್ಯವಾದದ್ದು ನಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಇದರಲ್ಲಿ ಸೇರಿದೆ. ಉಳಿದ ಹೊತ್ತಿನಲ್ಲಿ ಸ್ನಾನ, ಊಟ, ಬಟ್ಟೆ ಬದಲಾವಣೆ, ಸುಮ್ಮನೆ ನೆಲದ ಮೇಲೆ ಹೊರಳಾಟ ಎಲ್ಲವೂ ಆಗಬೇಕು. ಕಳೆದು ನೋಡಿದರೆ ಊರು ಸುತ್ತಲು ಸಿಗುವುದು ಬೆಳಗ್ಗೆ ಎಂಟರಿಂದ ಹನ್ನೊಂದೂವರೆ, ಸಂಜೆ ನಾಲ್ಕರಿಂದ ಆರೂವರೆ. ಇದರಲ್ಲೇ ಹೋಗಿಬರುವ ದಾರಿಯ ಹೊತ್ತನ್ನೂ ಹಿಡಿಯಬೇಕು. ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಕಾರಿಗೆ ಒಂದು ಗಂಟೆ ಹಿಡಿಯುವುದು ಅಪರೂಪವಲ್ಲ. ಹಾಗಾಗಿ ಹೊತ್ತಿಗೊಂದು ಜಾಗ, ಅದೂ ಉಳಿದುಕೊಂಡ ಮನೆಗೆ ಹತ್ತಿರವಿದ್ದದ್ದು. ಎರಡನೆಯದನ್ನು ತುರುಕಿದರೆ ಮೊದಲನೆಯದೂ ಕೆಡುತ್ತದೆ.

ಹೋಗುವ ದಾರಿಯಲ್ಲಿ ರೈಲೇ ಮೇಲು ಎನ್ನುವುದಕ್ಕೆ ಕಾರಣ ಸರಳ: ಅಲ್ಲಿ ನಡೆದಾಡಬಹುದು. 5 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಅಥವಾ ಬರ್ತ್ ಬೇಡವೆಂದರೆ ರೈಲಿನಲ್ಲಿ ಟಿಕೆಟ್ ಇಲ್ಲ. ರಾಣಿ ಚೆನ್ನಮ್ಮದಂಥ ರಾತ್ರಿ ರೈಲಾದರೆ ಮಗು ತನ್ನ ಮಾಮೂಲಿ ಹೊತ್ತಿಗೆ ಮಲಗಿ ಬೆಂಗಳೂರಿನಲ್ಲೇ ಏಳುತ್ತದೆ. ಆದರೆ ಕೆಳಗಿನ ಬರ್ತ್ ಸಿಗಲೇಬೇಕು. ಎರಡಡಿ ಅಗಲದ ಹಲಗೆಯ ಮೇಲೆ ತಾಯಿ, ಮಗು ಇಬ್ಬರೂ ಮಲಗುವ ಪಾಡು ರೈಲ್ವೆಗೂ ಗೊತ್ತಿಲ್ಲದ್ದಲ್ಲ. 2022ರ ಮೇ ತಿಂಗಳಲ್ಲಿ ಲಖನೌ ಮೇಲ್‌ನ ಒಂದು ಬೋಗಿಯಲ್ಲಿ ಕೆಳ ಬರ್ತಿಗೆ ಮಗುವಿನ ಪುಟ್ಟ ಬರ್ತ್ ಜೋಡಿಸಿ ನೋಡಿತ್ತು. ನಮ್ಮ ಕಡೆಯ ರೈಲುಗಳಲ್ಲಿ ಈಗಲೂ ಮಗುವನ್ನು ಗೋಡೆಯ ಕಡೆಗೆ ಮಲಗಿಸಿ, ತಾಯಿ ಅಂಚಿನಲ್ಲಿ ಅರೆನಿದ್ದೆ ಮಾಡುವುದೇ ಉಪಾಯ. 2023ರ ಜೂನಿನಲ್ಲಿ ಶುರುವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ವೇಗದ್ದೇನೋ ಹೌದು, ಆದರೆ ಅದರಲ್ಲಿರುವುದು ಕುರ್ಚಿಗಳು ಮಾತ್ರ. ಸುಮಾರು ಆರು ಗಂಟೆ ಮಗು ತೊಡೆಯ ಮೇಲೆ ಕೂರುವುದಿಲ್ಲ. ಅಂಥ ರೈಲಿನಲ್ಲಿ ಪೂರ್ತಿ ದರ ಕೊಟ್ಟು ಮಗುವಿಗೂ ಸೀಟು ತೆಗೆಸಿದರೆ ದುಂದು ಎನ್ನುವಂತಿಲ್ಲ.

ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ 6 ವರ್ಷದವರೆಗೆ ಟಿಕೆಟ್ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿನಲ್ಲಿ ತಾಯಿಗೂ ಟಿಕೆಟ್ ದುಡ್ಡಿಲ್ಲ. ಖರ್ಚಿನ ಮಟ್ಟಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಆದರೆ ಬಸ್ಸು ನಿಲ್ಲುವುದು ಡ್ರೈವರಿಗೆ ಬೇಕಾದ ಕಡೆ, ಮಗುವಿಗೆ ಬೇಕಾದ ಹೊತ್ತಿಗಲ್ಲ. ಮನೆಯಲ್ಲಿ ಡೈಪರ್ ಬಿಡಿಸಿದ್ದರೂ ಆ ಒಂದು ರಾತ್ರಿಗೆ ಮತ್ತೆ ಹಾಕುವುದರಲ್ಲಿ ಮುಜುಗರಪಡುವಂಥದ್ದೇನಿಲ್ಲ. ಸ್ಲೀಪರ್ ಬಸ್ಸಿನ ಮೇಲಿನ ಹಾಸಿಗೆ ಮಾತ್ರ ಈ ವಯಸ್ಸಿನ ಮಗುವಿಗೆ ಆಗದು. ಕರಾವಳಿಯಿಂದ ಬರುವವರಿಗೆ ಶಿರಾಡಿ ಘಾಟಿಯ ತಿರುವುಗಳ ಭಯ ಇದ್ದೇ ಇರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ತಿರುವಿನ ವಾಂತಿ ಬರುವುದು ಕಡಿಮೆ, ಅದು ಹೆಚ್ಚುವುದು ಆಮೇಲೆ. ಹೊರಡುವ ಮುನ್ನ ‘ಹೊಟ್ಟೆ ತುಂಬ ತಿನ್ನಿಸಿಬಿಡೋಣ’ ಎಂಬ ಅಜ್ಜಿಯ ಮಮತೆಯೇ ಬಹುಪಾಲು ಘಾಟಿ ಹತ್ತುವಷ್ಟರಲ್ಲಿ ಹೊರಗೆ ಬರುವುದು.

ವಿಮಾನದಲ್ಲಿ 2 ವರ್ಷ ತುಂಬದ ಮಗು ತೊಡೆಯ ಮೇಲೆ ಕೂತು, ಕಡಿಮೆ ದರದ ಟಿಕೆಟಿನಲ್ಲಿ ಹೋಗಬಹುದು. ಮೇಲೇರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಕಿವಿಯೊಳಗಿನ ಒತ್ತಡ ಬದಲಾಗಿ ನೋವಾಗುತ್ತದೆ. ಆಗ ಎದೆಹಾಲನ್ನೋ ನೀರನ್ನೋ ಕುಡಿಸಿದರೆ ನುಂಗುವಿಕೆಯಿಂದ ಒತ್ತಡ ಸಮವಾಗುತ್ತದೆ. ಮಂಗಳೂರಿನಿಂದ ಹಾರಾಟ ಒಂದು ಗಂಟೆಯದು. ದೇವನಹಳ್ಳಿಯಿಂದ ಜಯನಗರ ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದುಂಟು. ಉಳಿಸಿದ ಸಮಯವನ್ನೆಲ್ಲ ಹೆಬ್ಬಾಳದ ಮೇಲ್ಸೇತುವೆ ವಸೂಲಿ ಮಾಡಿಕೊಳ್ಳುತ್ತದೆ.

ಉಳಿದುಕೊಳ್ಳುವ ಜಾಗದ ಆಯ್ಕೆಯಲ್ಲಿ ಸಾಮಾನ್ಯವಾಗಿ ಬಾಡಿಗೆಯ ಲೆಕ್ಕ ಹಾಕುತ್ತಾರೆ, ನಿದ್ದೆಯ ಲೆಕ್ಕ ಹಾಕುವುದಿಲ್ಲ. ಗಾಂಧಿನಗರದ ಲಾಡ್ಜು ಮೆಜೆಸ್ಟಿಕ್‌ಗೆ ನಾಲ್ಕು ಹೆಜ್ಜೆ. ಆದರೆ ರಸ್ತೆಯ ಕಡೆ ಕಿಟಕಿಯಿದ್ದರೆ ಹಾರ್ನ್ ಮಧ್ಯರಾತ್ರಿಯವರೆಗೂ ನಿಲ್ಲುವುದಿಲ್ಲ. ಹಿಂಬದಿಯ ಕೋಣೆ ಕೇಳಿ ತೆಗೆದುಕೊಳ್ಳುವುದು, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆಂದು ವಿಚಾರಿಸುವುದು, ಮಂಚವನ್ನು ಗೋಡೆಗೆ ಸರಿಸಿಕೊಳ್ಳುವುದು, ಇಷ್ಟು ಸಾಕು. ಮಗು ದಿನವೂ ಹೊದೆಯುವ ಹಳೆಯ ಸೀರೆಯ ದುಪ್ಪಟಿಯೊಂದನ್ನು ತೊಳೆಯದೆ ಹಾಗೇ ಒಯ್ದರೆ ಹೊಸ ಜಾಗದಲ್ಲಿ ನಿದ್ದೆ ಬೇಗ ಹತ್ತುತ್ತದೆ. ಮನೆಯ ವಾಸನೆ ಅದರಲ್ಲಿ ಉಳಿದಿರುತ್ತದೆ.

ನೆಂಟರ ಮನೆಯಾದರೆ ಅಡುಗೆಮನೆ, ವಾಷಿಂಗ್ ಮಷಿನ್, ಮಗುವನ್ನು ಅರ್ಧ ಗಂಟೆ ಎತ್ತಿಕೊಳ್ಳುವ ಕೈಗಳು ಎಲ್ಲ ಸಿಗುತ್ತವೆ. ಜೊತೆಗೆ ಬೇರೆ ಬಗೆಯ ಅಪಾಯಗಳೂ ಇವೆ. ಊರಿನ ಒಂದಂತಸ್ತಿನ ಮನೆಯಲ್ಲಿ ಬೆಳೆದ ಮಗುವಿಗೆ ಹನ್ನೆರಡನೆಯ ಮಹಡಿಯ ಬಾಲ್ಕನಿ ಎಂದರೇನು ಎಂಬುದು ಗೊತ್ತಿಲ್ಲ. ಕಂಬಿಗಳ ನಡುವಿನ ಸಂದು, ಕಂಬಿಗೆ ಒತ್ತಿಕೊಂಡು ಇಟ್ಟ ಪ್ಲಾಸ್ಟಿಕ್ ಸ್ಟೂಲು ಅಥವಾ ಹೂಕುಂಡ, ಹತ್ತಲು ಅನುಕೂಲವಾದ ಎಲ್ಲವನ್ನೂ ಬಂದ ಮೊದಲ ಗಂಟೆಯಲ್ಲೇ ನೋಡಿ ಸರಿಸಬೇಕು. ಮಕ್ಕಳು ದೊಡ್ಡವರಾಗಿರುವ ಮನೆಯಲ್ಲಿ ಔಷಧಿಯ ಡಬ್ಬಿ ಟೀಪಾಯಿಯ ಮೇಲಿರುತ್ತದೆ, ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಇರುತ್ತದೆ, ಪ್ಲಗ್ ಪಾಯಿಂಟುಗಳು ಮಂಡಿಯ ಎತ್ತರದಲ್ಲಿ ಇರುತ್ತವೆ. ಅತಿಥಿಗಳಾಗಿ ಬಂದವರು ಹೀಗೆ ಮನೆ ಸರಿಪಡಿಸುವುದು ಸಂಕೋಚದ ಕೆಲಸ. ‘ನಿಮ್ಮ ಸಾಮಾನು ಒಡೆದು ಹಾಕುತ್ತಾನೆ ಅತ್ತೆ’ ಎಂದು ತಪ್ಪನ್ನು ಮಗುವಿನ ಮೇಲೆ ಹಾಕಿ ಸರಿಸಿದರೆ ಯಾರಿಗೂ ಬೇಸರವಾಗುವುದಿಲ್ಲ.

ನೆಂಟರ ಪ್ರೀತಿಯನ್ನು ನಿಭಾಯಿಸುವುದು ಪ್ರವಾಸದ ಇನ್ನೊಂದು ಭಾರವಾದ ಕೆಲಸ. ರಾಜಾಜಿನಗರದ ದೊಡ್ಡಪ್ಪ ಮಧ್ಯಾಹ್ನದ ಊಟಕ್ಕೆ ಕರೆಯುತ್ತಾರೆ, ಬನಶಂಕರಿಯ ಚಿಕ್ಕಮ್ಮ ರಾತ್ರಿಗೆ. ಒಬ್ಬರ ಮನೆಗೆ ಹೋಗಿ ಇನ್ನೊಬ್ಬರ ಮನೆಗೆ ಹೋಗದಿದ್ದರೆ ಮುಂದಿನ ಮದುವೆಯವರೆಗೆ ಮಾತು ಕೇಳಬೇಕು. ಹೋದ ಕಡೆಯೆಲ್ಲ ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ಕೆನ್ನೆ ಹಿಂಡುತ್ತಾರೆ, ‘ನನ್ನ ಹತ್ರ ಬರಲ್ವಾ?’ ಎಂದು ಮೂರು ಸಲ ಕೇಳಿ ನಾಲ್ಕನೆಯ ಸಲ ಎತ್ತಿಯೇಬಿಡುತ್ತಾರೆ. ಮಗು ಕಿರುಚುತ್ತದೆ, ಅಮ್ಮನಿಗೇ ಅಂಟಿಕೊಂಡಿದೆ, ಜನಬಳಕೆ ಕಲಿಸಿಲ್ಲ ಎಂಬ ಮಾತು ಬರುತ್ತದೆ. ಕಲಿಸದೆ ಆದದ್ದಲ್ಲ ಅದು, ಆ ವಯಸ್ಸಿನ ಗುಣ. ಹೊಸಬರ ಮನೆಯಲ್ಲಿ ಹತ್ತಿಪ್ಪತ್ತು ನಿಮಿಷ ತಾಯಿಯ ಮಡಿಲಲ್ಲೇ ಬಿಟ್ಟರೆ ಬಹುಪಾಲು ಮಕ್ಕಳು ತಾವಾಗಿಯೇ ಇಳಿದು ಹೊಸ ಮನೆಯ ಬೀರು, ಚಪ್ಪಲಿ ಸ್ಟ್ಯಾಂಡುಗಳ ತಪಾಸಣೆಗೆ ತೊಡಗುತ್ತವೆ. ಎಲ್ಲರ ಮನೆಗೂ ಮಗುವನ್ನು ಹೊತ್ತು ತಿರುಗುವ ಬದಲು, ಉಳಿದುಕೊಂಡ ಮನೆಗೇ ಒಂದು ಸಂಜೆ ಎಲ್ಲರನ್ನೂ ಕರೆಸಿಕೊಳ್ಳುವುದು ಜಾಣತನ. ಅಡುಗೆಯ ಭಾರ ಆತಿಥೇಯರ ಮೇಲೆ ಬೀಳದಂತೆ ಹೋಟೆಲಿನಿಂದ ತರಿಸಿದರಾಯಿತು.

ಊಟದ ವಿಷಯದಲ್ಲಿ ಬೆಂಗಳೂರು ಮಗುವಿಗೆ ಉದಾರಿ. ಬೆಳಗ್ಗೆ ಆರಕ್ಕೆಲ್ಲ ಬಿಸಿ ಇಡ್ಲಿ ಸಿಗುವ ಊರಿದು. ತುಪ್ಪ ಸವರಿದ ಇಡ್ಲಿಗಿಂತ ಸುರಕ್ಷಿತವಾದ ಹೊರಗಿನ ತಿಂಡಿ ಮಗುವಿಗೆ ಇನ್ನೊಂದಿಲ್ಲ. ತೊಂದರೆ ಇರುವುದು ಕೂರುವುದರಲ್ಲಿ. ದರ್ಶಿನಿಗಳಲ್ಲಿ ನಿಂತೇ ತಿನ್ನಬೇಕು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ತಟ್ಟೆ ಹಿಡಿದು, ಪಕ್ಕದವರ ಬಿಸಿ ಕಾಫಿಯಿಂದ ದೂರ ನಿಲ್ಲುವುದು ದೊಡ್ಡ ಸರ್ಕಸ್ಸು. 1924ರ ಎಂಟಿಆರ್, 1943ರ ವಿದ್ಯಾರ್ಥಿ ಭವನದ ಹೆಸರು ಕೇಳಿ ಹೋಗುವವರು ವಾರಾಂತ್ಯದ ಸರದಿಯನ್ನು ನೆನಪಿಟ್ಟುಕೊಳ್ಳಬೇಕು. ಹಸಿದ ಮಗುವಿನೊಂದಿಗೆ ಮುಕ್ಕಾಲು ಗಂಟೆ ಕಾದು ತಿಂದ ಮಸಾಲೆ ದೋಸೆಯ ರುಚಿ ಯಾರಿಗೂ ನೆನಪಿರುವುದಿಲ್ಲ. ವಾರದ ನಡುವೆ ಬೆಳಗಾಗುತ್ತಲೇ ಹೋಗಬೇಕು, ಇಲ್ಲವೇ ಆ ಆಸೆಯನ್ನು ಮಗುವಿಗೆ ಐದಾಗುವವರೆಗೆ ಮುಂದೂಡಬೇಕು.

ಹಾಲಿನದು ಬೇರೆ ಕತೆ. ಮನೆಯ ಹಸುವಿನ ಅಥವಾ ಎಮ್ಮೆಯ ಹಾಲಿಗೆ ಒಗ್ಗಿದ ಮಗು ನಂದಿನಿ ಪ್ಯಾಕೆಟ್ಟಿನ ಹಾಲನ್ನು ಮೂಸಿ ನೋಡಿ ದೂಡುವುದುಂಟು. ಹೊರಡುವ ಮುಂಚಿನ ವಾರವೇ ಊರಲ್ಲಿ ಅದೇ ಪ್ಯಾಕೆಟ್ ತಂದು ಅಭ್ಯಾಸ ಮಾಡಿಸಬಹುದು; ಒಗ್ಗದಿದ್ದರೂ ಚಿಂತೆಯಿಲ್ಲ, ಒಂದು ವರ್ಷ ದಾಟಿದ ಮಗು ಮೂರು ದಿನ ಹಾಲು ಬಿಟ್ಟು ಮೊಸರನ್ನ ತಿಂದರೂ ಏನೂ ಆಗುವುದಿಲ್ಲ. ರಾಗಿ ಸರಿಯ ಹಿಟ್ಟು ಡಬ್ಬಿಯಲ್ಲಿ, ಕುದಿಸಿದ ನೀರು ಫ್ಲಾಸ್ಕಿನಲ್ಲಿ ಇದ್ದರೆ ಯಾವ ಹೊತ್ತಿನ ಹಸಿವಿಗೂ ಉತ್ತರವಿರುತ್ತದೆ. ನಗರದ ಹಲವು ಕಡೆ ಕಾವೇರಿ ನೀರು, ಹಲವು ಕಡೆ ಬೋರ್‌ವೆಲ್ಲು, ಟ್ಯಾಂಕರು. ಯಾವುದಾದರೂ ಕುದಿಸಿಯೇ ಕೊಡಬೇಕು. ಏಲಕ್ಕಿ ಬಾಳೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಲಾಲ್‌ಬಾಗಿನ ಬಾಗಿಲಲ್ಲಿ ಮಾರುವ ಕಡಲೆಕಾಯಿ ಮಾತ್ರ ದೊಡ್ಡವರಿಗೇ ಇರಲಿ. ಇಡೀ ಕಡಲೆಬೀಜ, ಸೀಳದ ದ್ರಾಕ್ಷಿ ಈ ವಯಸ್ಸಿನಲ್ಲಿ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ವಸ್ತುಗಳು.

ಇನ್ನು ನೋಡುವ ಜಾಗಗಳು. ದೊಡ್ಡವರ ಪಟ್ಟಿಯಲ್ಲಿ ವಿಧಾನಸೌಧ, ಅರಮನೆ ಎಲ್ಲ ಇರುತ್ತವೆ. ಎರಡು ವರ್ಷದ ಮಗುವಿಗೆ ಕಟ್ಟಡವೆಂಬುದು ಕಾಣುವುದೇ ಇಲ್ಲ. ಅದರ ಮುಂದಿನ ಪಾರಿವಾಳ ಕಾಣುತ್ತದೆ. ಹೀಗಾಗಿ ಬಯಲು, ಮರ, ಅಳಿಲು, ನಾಯಿ ಇರುವ ಕಡೆ ಹೋದರೆ ಇಬ್ಬರಿಗೂ ನೆಮ್ಮದಿ. ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗ್ ಈಗ 240 ಎಕರೆ. ಮಗುವಿಗೆ ಅದರಲ್ಲಿ ಒಂದೆಕರೆ ಸಾಕು. ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಪಶ್ಚಿಮ ದ್ವಾರದಿಂದ ಒಳಹೊಕ್ಕರೆ ನಡಿಗೆ ಕಡಿಮೆ. 1889ರ ಗಾಜಿನ ಮನೆಯ ಸುತ್ತಲಿನ ಬಯಲು ಓಡಾಟಕ್ಕೆ ಹೇಳಿ ಮಾಡಿಸಿದ್ದು. ಕೆಂಪೇಗೌಡ ಗೋಪುರವಿರುವ ಬಂಡೆಗೆ ಕೈಹಿಡಿ ಇಲ್ಲ, ಮಳೆ ಬಿದ್ದರೆ ಜಾರುತ್ತದೆ. ಅದನ್ನು ಕೆಳಗಿನಿಂದ ನೋಡಿದರೂ ಆದೀತು. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಈ ಮಕ್ಕಳನ್ನು ಕರೆದೊಯ್ಯುವುದು ಸಲ್ಲ. ಆ ನೂಕುನುಗ್ಗಲಿನಲ್ಲಿ ಮೂರಡಿ ಎತ್ತರದ ಜೀವಕ್ಕೆ ಕಾಣುವುದು ಮಂಡಿಗಳು ಮಾತ್ರ.

ಕಬ್ಬನ್ ಉದ್ಯಾನ ಭಾನುವಾರ ಇನ್ನೂ ಚೆಂದ. ಅಂದು ಒಳಗಿನ ರಸ್ತೆಗಳಲ್ಲಿ ವಾಹನ ಸಂಚಾರ ಇರುವುದಿಲ್ಲ, ಮಗುವಿನ ಕೈ ಬಿಡಬಹುದು. ಅಲ್ಲೇ ಇರುವ ಬಾಲಭವನಕ್ಕೆ ಸೋಮವಾರ ರಜೆ. ಅಲ್ಲಿನ ಪುಟಾಣಿ ರೈಲು ಓಡುತ್ತಿದೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಮಗುವಿಗೆ ಹೇಳಬೇಕು. ನಿಂತ ರೈಲಿನ ಎದುರು ಸಮಾಧಾನ ಮಾಡುವುದು ಯಾರಿಗೂ ಬೇಡ. 1962ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಹೆಜ್ಜೆ ದೂರದಲ್ಲೇ ಇದೆ, ಆದರೆ ಅದು ಆರು ದಾಟಿದವರ ಸ್ವರ್ಗ. ಕತ್ತಲು, ಸದ್ದು, ಕತ್ತೆತ್ತಿ ಅರಚುವ ಡೈನೋಸಾರ್ ಕಂಡು ಸಣ್ಣವು ಹೆದರಿ ಅಪ್ಪನ ಕೊರಳಿಗೆ ಜೋತುಬೀಳುತ್ತವೆ. ಬನ್ನೇರುಘಟ್ಟಕ್ಕೆ ಹೋಗಿಬರಲು ಒಂದು ಇಡೀ ದಿನ ಬೇಕು, ಮಂಗಳವಾರ ರಜೆ. ಸಫಾರಿ ವಾಹನದ ಜಾಲರಿಯಾಚೆ ಮರದಡಿ ಮಲಗಿದ ಹುಲಿಯನ್ನು ಬೆರಳು ತೋರಿಸಿ ತೋರಿಸಿ ದೊಡ್ಡವರು ಸುಸ್ತಾಗುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ. ಮೂರು ದಿನದ ಪ್ರವಾಸದಲ್ಲಿ ಅದಕ್ಕೆ ಜಾಗವಿಲ್ಲ.

ಮಗುವಿನ ಕಣ್ಣಿಗೆ ಬೆಂಗಳೂರಿನ ದೊಡ್ಡ ಬೆರಗು ಮೆಟ್ರೊ. 3 ಅಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಇಲ್ಲ. ಎರಡು ವರ್ಷದ ಮಗುವಿನ ಸರಾಸರಿ ಎತ್ತರ ಸುಮಾರು 87 ಸೆಂಟಿಮೀಟರ್. ಎರಡೂವರೆ ದಾಟಿತೆಂದರೆ ಆ ಗೆರೆ ಹತ್ತಿರ ಬಂದಂತೆ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ನಿಂದ ಪೂರ್ವಕ್ಕೆ ಹೊರಟ ರೈಲು ಕಬ್ಬನ್ ಪಾರ್ಕ್ ನಿಲ್ದಾಣದವರೆಗೆ ನೆಲದಡಿ ಸಾಗಿ, ಎಂ.ಜಿ. ರಸ್ತೆಗೆ ಬರುವಾಗ ಬೆಳಕಿಗೆ ಏರುತ್ತದೆ. ಆ ಕತ್ತಲೆ–ಬೆಳಕಿನಾಟಕ್ಕೆ ಇಂದಿರಾನಗರದವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸು ಬಂದರೂ ಮಗುವಿನ ಪಾಲಿಗೆ ಅದೊಂದು ಪೂರ್ತಿ ಪ್ರವಾಸ. ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದರಿಂದ ಎಂಟರ ಆಫೀಸು ಗದ್ದಲವನ್ನು ತಪ್ಪಿಸಬೇಕು. ರೈಲಿನೊಳಗೆ ತಿನ್ನುವಂತಿಲ್ಲವಾದ್ದರಿಂದ ಹೊಟ್ಟೆಯ ಕೆಲಸ ಮೊದಲೇ ಮುಗಿದಿರಲಿ. ಎಸ್ಕಲೇಟರಿನಲ್ಲಿ ಮಗುವನ್ನು ಎತ್ತಿಕೊಳ್ಳುವುದೇ ಸರಿ. ಮೆತ್ತನೆಯ ರಬ್ಬರ್ ಚಪ್ಪಲಿಯ ತುದಿ ಅಂಚಿನ ಸಂದಿಗೆ ಸಿಕ್ಕಿ ಬೆರಳಿಗೆ ಗಾಯವಾಗುವುದುಂಟು. ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ, ಮತ್ತು ಲಿಫ್ಟಿನ ಗುಂಡಿ ಒತ್ತುವ ಅವಕಾಶವನ್ನು ಯಾವ ಮಗುವೂ ಬಿಟ್ಟುಕೊಡುವುದಿಲ್ಲ.

ಮಾಲ್‌ಗಳ ಬಗ್ಗೆ ಹೆಚ್ಚೇನೂ ಹೇಳಬೇಕಿಲ್ಲ. ಅವುಗಳ ನಿಜವಾದ ಉಪಯೋಗ ಮಗುವಿನ ಬಟ್ಟೆ ಬದಲಿಸಲು ಜಾಗವಿರುವ ಸ್ವಚ್ಛ ಶೌಚಾಲಯ. ಕೈ ಒಣಗಿಸುವ ಯಂತ್ರದ ಸದ್ದಿಗೆ ಮಗು ಬೆಚ್ಚಿಬೀಳುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಬೀದಿಯಲ್ಲಿ ತಳ್ಳುಗಾಡಿ ಬೆಂಗಳೂರಿಗೆ ಆಗಿಬರುವುದಿಲ್ಲ. ಚಪ್ಪಡಿ ಎದ್ದ ಫುಟ್‌ಪಾತು, ಅದರ ಮೇಲೆ ನಿಲ್ಲಿಸಿದ ಸ್ಕೂಟರು, ಟ್ರಾನ್ಸ್‌ಫಾರ್ಮರು ಇವುಗಳ ನಡುವೆ ಗಾಡಿಯನ್ನೇ ಎತ್ತಿಕೊಂಡು ನಡೆಯಬೇಕಾಗುತ್ತದೆ. ಎದೆಗೆ ಕಟ್ಟಿಕೊಳ್ಳುವ ಚೀಲವೋ, ಅಜ್ಜಿಯರು ಕಟ್ಟುತ್ತಿದ್ದ ಸೀರೆಯ ಜೋಳಿಗೆಯೋ ವಾಸಿ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸೀರೆ ಖರೀದಿಗೆ ಒಬ್ಬರು ಹೋಗಲಿ, ಮಗುವಿನೊಂದಿಗೆ ಇನ್ನೊಬ್ಬರು ಮನೆಯಲ್ಲಿ ಉಳಿಯಲಿ. ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. ಏರ್‌ಬ್ಯಾಗ್ ತೆರೆದುಕೊಂಡರೆ ಅದರ ಹೊಡೆತ ಮೊದಲು ಬೀಳುವುದು ಮಗುವಿಗೆ. ಹಿಂದಿನ ಸೀಟಿನಲ್ಲೂ ಮಕ್ಕಳ ಸೀಟು ಬೇಕೆಂದೇ ಕಾನೂನು ಹೇಳುತ್ತದೆ, ಬಾಡಿಗೆ ಕ್ಯಾಬುಗಳಲ್ಲಿ ಅದು ಸಿಗುವುದು ದುರ್ಲಭ. ಬೆಂಗಳೂರಿನ ಪ್ರವಾಸದಲ್ಲಿ ಮೆಟ್ರೊಗೆ ಮೊದಲ ಸ್ಥಾನ ಕೊಡಲು ಇದೂ ಒಂದು ಕಾರಣ. ಸೋದರಮಾವನ ಬೈಕಿನ ಮೇಲೆ ‘ಒಂದು ರೌಂಡು’ ಎನ್ನುವವರು 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ನಿಯಮವನ್ನು ತಿಳಿದಿರಬೇಕು: 9 ತಿಂಗಳಿಂದ 4 ವರ್ಷದ ಮಗುವಿಗೆ ಹೆಲ್ಮೆಟ್, ಸವಾರನಿಗೆ ಜೋಡಿಸುವ ಸುರಕ್ಷಾ ಪಟ್ಟಿ ಕಡ್ಡಾಯ, ವೇಗ ಗಂಟೆಗೆ 40 ಕಿಲೋಮೀಟರ್ ಮೀರುವಂತಿಲ್ಲ.

ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಳ್ಳಲು ಅರ್ಧ ನಿಮಿಷ ಸಾಕು. ಹೊರಡುವಾಗ ಆ ದಿನದ ಬಟ್ಟೆಯಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ, ‘ಯಾವ ಬಣ್ಣದ ಅಂಗಿ?’ ಎಂದು ಕೇಳಿದಾಗ ತಡವರಿಸಬೇಕಾಗುವುದಿಲ್ಲ. ಅಂಗಿಯ ಒಳಮಗ್ಗುಲಲ್ಲಿ ಫೋನ್ ನಂಬರ್ ಬರೆಯಬಹುದು. ಹೆಸರನ್ನು ಹೊರಗೆ ಕಾಣುವಂತೆ ಬರೆಯುವುದು ಬೇಡ, ಹೆಸರು ಹಿಡಿದು ಕರೆದವರನ್ನು ಮಗು ನಂಬಿಬಿಡುತ್ತದೆ. ಮಕ್ಕಳ ಸಹಾಯವಾಣಿ 1098, ತುರ್ತು ಸೇವೆ 112. ಇಬ್ಬರು ದೊಡ್ಡವರಿದ್ದಾಗ ‘ಮಗು ನಿನ್ನ ಹತ್ತಿರ ಇದೆ ಅಂದುಕೊಂಡೆ’ ಎಂಬ ಮಾತಿಗೆ ಎಡೆಯಾಗದಂತೆ, ಈಗ ಹೊಣೆ ಯಾರದು ಎಂದು ಬಾಯಿಬಿಟ್ಟು ಹೇಳಿಕೊಳ್ಳಬೇಕು.

ಔಷಧಿಯ ಚೀಲ ಸಣ್ಣದಿದ್ದರೆ ಸಾಕು: ಜ್ವರಕ್ಕೆ ಪ್ಯಾರಾಸಿಟಮಾಲ್, ಒಆರ್‌ಎಸ್ ಪೊಟ್ಟಣಗಳು, ಮಗುವಿಗೆ ವೈದ್ಯರು ಮೊದಲೇ ಬರೆದುಕೊಟ್ಟದ್ದೇನಾದರೂ ಇದ್ದರೆ ಅದು. ಪ್ಯಾರಾಸಿಟಮಾಲ್ ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ ಮತ್ತು 250 ಮಿ.ಗ್ರಾಂ ಎಂಬ ಎರಡು ಸಾಂದ್ರತೆಗಳಲ್ಲಿ ಬರುತ್ತದೆ. ಮನೆಯ ಬಾಟಲಿ ಮರೆತು ಬೆಂಗಳೂರಿನಲ್ಲಿ ಹೊಸದು ಕೊಂಡು ಅದೇ ಮುಚ್ಚಳದ ಅಳತೆಯಲ್ಲಿ ಕುಡಿಸಿದರೆ ಪ್ರಮಾಣ ಇಮ್ಮಡಿಯಾಗಬಹುದು. ಕೆಮ್ಮು, ಶೀತದ ಸಿರಪ್‌ಗಳನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ಸ್ಪಷ್ಟವಾಗಿ ತಿಳಿಸಿದೆ. ತಾಯಿ ಕಾರ್ಡಿನ ಲಸಿಕೆ ಪುಟದ ಫೋಟೊ ಫೋನಿನಲ್ಲಿರಬೇಕು. ಮಕ್ಕಳಿಗೆಂದೇ ಇರುವ ಸರ್ಕಾರಿ ವ್ಯವಸ್ಥೆ ಬೇಕಾದರೆ ನಿಮ್ಹಾನ್ಸ್ ಬಳಿಯ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೆ.ಆರ್. ಮಾರುಕಟ್ಟೆ ಹತ್ತಿರದ ವಾಣಿವಿಲಾಸ ಆಸ್ಪತ್ರೆಗಳಿವೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಊರಾದ್ದರಿಂದ ಕಲಬುರಗಿ, ರಾಯಚೂರಿನ ಬಿಸಿಲಿಗೆ ಒಗ್ಗಿದ ಮಕ್ಕಳಿಗೆ ಸಂಜೆ ಗಾಳಿ ತಣ್ಣಗೆನಿಸುತ್ತದೆ. ಒಂದು ಕುಲಾವಿ, ಉದ್ದ ತೋಳಿನ ಅಂಗಿ ಚಳಿಗೂ ಆಯಿತು, ಸೊಳ್ಳೆಗೂ ಆಯಿತು.

ಹಿಂದಿರುಗುವ ಪಯಣವನ್ನು ಕೆಲಸಕ್ಕೆ ಹಾಜರಾಗುವ ಬೆಳಗ್ಗೆಗೆ ಮುಗಿಯುವಂತೆ ಇಟ್ಟುಕೊಳ್ಳುವುದು ಸಾಮಾನ್ಯ ರೂಢಿ. ಮಗುವಿದ್ದಾಗ ನಡುವೆ ಒಂದು ದಿನ ಬಿಡುವುದು ಒಳ್ಳೆಯದು. ಮನೆಗೆ ಬಂದ ಮೇಲೆ ಎರಡು ಮೂರು ರಾತ್ರಿ ನಿದ್ದೆ ಏರುಪೇರಾಗುತ್ತದೆ, ಚಡ್ಡಿಯಲ್ಲಿ ಮತ್ತೆ ಒದ್ದೆಯಾಗುತ್ತದೆ, ಹೇಳಿದ್ದಕ್ಕೆಲ್ಲ ಬೇಡ ಎನ್ನುತ್ತದೆ. ದೃಷ್ಟಿಯಾಗಿದೆ ಎಂದು ಅಜ್ಜಿ ಉಪ್ಪು, ಮೆಣಸಿನಕಾಯಿ ಇಳಿ ತೆಗೆಯುತ್ತಾರೆ. ತೆಗೆಯಲಿ, ಹಳೆಯ ಹೊತ್ತಿಗೆ ಹಳೆಯ ಊಟ ಸಿಕ್ಕತೊಡಗಿದರೆ ಎಲ್ಲ ತಾನಾಗಿ ಹಳಿಗೆ ಬರುತ್ತದೆ. ಬಂದ ವಾರದೊಳಗೆ ಜ್ವರ ಕಾಣಿಸಿಕೊಂಡು ಎರಡು ದಿನಕ್ಕೂ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬೆಂಗಳೂರಿಗೆ ಹೋಗಿದ್ದೆವು, ಇಂಥ ಕಡೆ ಉಳಿದಿದ್ದೆವು, ಸೊಳ್ಳೆ ಇತ್ತು ಎಂಬುದನ್ನು ಅವರು ಕೇಳುವ ಮೊದಲೇ ಹೇಳಬೇಕು. ಡೆಂಗಿಯ ರಕ್ತಪರೀಕ್ಷೆ ಬರೆಯಬೇಕೇ ಬೇಡವೇ ಎಂದು ಅವರು ನಿರ್ಧರಿಸಲು ಆ ಮಾಹಿತಿ ಬೇಕಾಗುತ್ತದೆ.